ದೇವಿಮನೆ ಘಟ್ಟಕ್ಕೊಂದು ಜೋಡಿ ದೀಪ: ದೀಪಕ್ಕೆ ಮೆಚ್ಚುಗೆ, ವೈರಿಂಗಿಗೆ ತಕರಾರು

ವಾರಕ್ಕೆ ಎರಡು ಬಾರಿಯಾದರೂ ರಾತ್ರಿ ಹೊತ್ತಿನಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯಬೇಕಾದ ನನಗೆ, ದೇವಿಮನೆ ಘಟ್ಟದ ತಿರುವುಗಳಲ್ಲಿ ಬೊಲೆರೊದ 60/55 ವ್ಯಾಟಿನ ಹ್ಯಾಲೊಜನ್ ಬಲ್ಬುಗಳ ಬೆಳಕು ಸಾಲುತ್ತಿರಲಿಲ್ಲ. ಹಾಗಾಗಿ ಕಳೆದ ಏಪ್ರಿಲ್‌ನಲ್ಲಿ, ತಲಾ 40 ವ್ಯಾಟಿನ ಎರಡು ಎಲ್‌ಇಡಿ ದೀಪ, ಹಳದಿ ಮುಚ್ಚಳ, ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹರಿಸಿ ನಿಲ್ಲಿಸುವ ಸಾಧನ), ಸ್ವಿಚ್ಚು ಮತ್ತು ವೈರಿಂಗ್ ಸೇರಿದ ಕಿಟ್ಟೊಂದನ್ನು 6,500 ರೂಪಾಯಿಗೆ ಆನ್‌ಲೈನಿನಲ್ಲಿ ತರಿಸಿ, ಮನೆಯಂಗಳದಲ್ಲಿ ನಾನೇ ಕೂರಿಸಿದೆ. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಹೇಳುವುದಾದರೆ, ದೀಪಗಳು ಕೊಟ್ಟ ಹಣಕ್ಕೆ ಮೋಸವಿಲ್ಲದವು; ಜೊತೆಗೆ ಬಂದ ವೈರಿಂಗ್ ಮಾತ್ರ ವಾಹನಕ್ಕೆ ಹಾಕುವಂಥದ್ದಲ್ಲ.

ಬಂಪರಿಗೆ ದೀಪ ಬಿಗಿಯುವುದು ಅರ್ಧ ಗಂಟೆಯ ಕೆಲಸ, ಅದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ವೈರಿಂಗಿನ ಕಥೆ ಬೇರೆ. 80 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 6.7 ಆಂಪಿಯರ್ ಆಗುತ್ತದೆ. ಇಷ್ಟು ವಿದ್ಯುತ್ತನ್ನು ಸದಾ ಹೊರಬೇಕಾದ ವೈರು ದಪ್ಪಗಿದ್ದಷ್ಟೂ ಒಳ್ಳೆಯದು. ಆದರೆ ಕಿಟ್ಟಿನ ವೈರಿನ ಪ್ಲಾಸ್ಟಿಕ್ ಹೊದಿಕೆ ಸುಲಿದು ನೋಡಿದರೆ ಒಳಗಿನ ತಾಮ್ರ ಎಳೆಎಳೆಯಾಗಿ, ಮೊಬೈಲ್ ಚಾರ್ಜರಿನ ವೈರನ್ನು ನೆನಪಿಸುವಂತಿತ್ತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.9 ವೋಲ್ಟು ಇದ್ದದ್ದು ದೀಪದ ಬಳಿ ಅಳೆದಾಗ 12.9ಕ್ಕೆ ಇಳಿದಿತ್ತು. ಎಲ್‌ಇಡಿ ದೀಪದೊಳಗಿನ ಡ್ರೈವರ್ ಸರ್ಕಿಟ್ಟು ಈ ಕೊರತೆಯನ್ನು ಸರಿದೂಗಿಸಿಕೊಳ್ಳುವುದರಿಂದ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ಕಳೆದುಹೋದ ಆ ಒಂದು ವೋಲ್ಟು ವೈರು ಮತ್ತು ಜೋಡಣೆಗಳಲ್ಲಿ ಬಿಸಿಯಾಗಿ ಖರ್ಚಾಗುತ್ತಿರುತ್ತದೆ. ಇದಕ್ಕಿಂತ ಗಾಬರಿಯಾದದ್ದು ಫ್ಯೂಸ್ ನೋಡಿ. ಅಷ್ಟು ತೆಳುವಾದ ವೈರಿಗೆ 30 ಆಂಪಿಯರಿನ ಫ್ಯೂಸ್ ಹಾಕಿ ಕಳಿಸಿದ್ದರು. ಎಲ್ಲಾದರೂ ಶಾರ್ಟ್ ಆದರೆ ಫ್ಯೂಸಿಗಿಂತ ಮೊದಲು ವೈರೇ ಸುಡಬಹುದು. ಅದನ್ನೆಲ್ಲ ತೆಗೆದಿಟ್ಟು, 2.5 ಚದರ ಮಿಲಿಮೀಟರಿನ ವೈರು, 40 ಆಂಪಿಯರಿನ ರಿಲೇ ಮತ್ತು ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ 15 ಆಂಪಿಯರಿನ ಫ್ಯೂಸ್ ಹಾಕಿಕೊಂಡೆ. ಇದಕ್ಕೆ ತಗಲಿದ್ದು ಇನ್ನೊಂದು 900 ರೂಪಾಯಿ.

ಕಿಟ್ಟಿನ ನಕ್ಷೆಯಲ್ಲಿ ರಿಲೇಯನ್ನು ಎಚ್ಚರಿಸುವ ಸಂಪರ್ಕವನ್ನು ನೇರ ಬ್ಯಾಟರಿಯಿಂದ ಸ್ವಿಚ್ಚಿನ ಮೂಲಕ ತೋರಿಸಿದ್ದಾರೆ. ಹಾಗೆ ಮಾಡಿದರೆ ಎದುರಿನ ವಾಹನಕ್ಕೆ ನಾವು ಡಿಮ್ ಮಾಡಿದರೂ ಈ ದೀಪಗಳು ಉರಿಯುತ್ತಲೇ ಇರುತ್ತವೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈಯಿಂದ ರಾಜ್ಯದ ಪೊಲೀಸರು ಮೊಕದ್ದಮೆ ಹಾಕುತ್ತಿದ್ದಾರೆ. ದಂಡದ ಮಾತು ಬಿಟ್ಟರೂ, ಘಟ್ಟದಲ್ಲಿ ಎದುರಿನ ಲಾರಿ ಚಾಲಕನ ಕಣ್ಣು ಕತ್ತಲಾದರೆ ಅಪಾಯ ನಮಗೂ ಹೌದು. ನಾನು ರಿಲೇಯ 86ನೇ ಪಿನ್ನಿಗೆ ಹೈಬೀಮಿನ ವೈರಿನಿಂದಲೇ ಸಂಪರ್ಕ ಕೊಟ್ಟು, 85ನ್ನು ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ, ಸೇರಿಸಿ, ನಡುವೆ ಸ್ವಿಚ್ಚು ಇಟ್ಟಿದ್ದೇನೆ. 30ಕ್ಕೆ ಬ್ಯಾಟರಿ, 87ಕ್ಕೆ ದೀಪ. ಡಿಮ್ ಮಾಡಿದ ಕ್ಷಣವೇ ಎರಡೂ ಆರುತ್ತವೆ. ಕೆಲವು ವಾಹನಗಳಲ್ಲಿ ಹೈಬೀಮ್ ಸ್ವಿಚ್ಚು ನೆಗೆಟಿವ್ ಬದಿಯನ್ನು ಜೋಡಿಸುವ ಬಗೆಯದಾಗಿರುತ್ತದೆ, ಆದ್ದರಿಂದ ಮೊದಲು ಮಲ್ಟಿಮೀಟರಿನಿಂದ ಪರೀಕ್ಷಿಸದೆ ವೈರಿಗೆ ಕೈ ಹಾಕಬಾರದು.

ದಿಕ್ಕು ಹೊಂದಿಸಲು ಅಡಿಕೆ ಒಣಗಿಸುವ ಅಂಗಳ ಅನುಕೂಲಕ್ಕೆ ಬಂತು. ಉಗ್ರಾಣದ ಗೋಡೆಯಿಂದ 25 ಅಡಿ ದೂರದಲ್ಲಿ ಗಾಡಿ ನಿಲ್ಲಿಸಿ, ದೀಪದ ಎತ್ತರವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಗುರುತಿಸಿ, ಬೆಳಕಿನ ನಡು ಅದಕ್ಕಿಂತ 2 ಇಂಚು ಕೆಳಗೆ ಬೀಳುವಂತೆ ಬಿಗಿದೆ.

ಬೆಳಕು ನಿಜಕ್ಕೂ ಚೆನ್ನಾಗಿದೆ. ತಿರುವಿನಾಚೆ ಮಲಗಿದ ದನ, ರಸ್ತೆಯಂಚಿಗೆ ಕುಸಿದ ಮಣ್ಣು ಈಗ ಮೊದಲಿಗಿಂತ ಬಹಳ ಮುಂಚೆ ಕಾಣುತ್ತವೆ. ಮಂಜಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಆಸೆ ಬೇಡ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಪೆಟ್ಟಿಗೆಯ ಮೇಲಿನ ಮಾತು ಸರಿಯಲ್ಲ. ಮಂಜಿನ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ನೀಲಿ ಛಾಯೆಯ ಬಿಳಿ ಬೆಳಕಿಗೆ ಹೋಲಿಸಿದರೆ ಹಳದಿ ಕಣ್ಣಿಗೆ ಕಡಿಮೆ ಚುಚ್ಚುತ್ತದೆ, ಅದರ ಉಪಕಾರ ಅಷ್ಟೇ. ಜುಲೈಯ ದಟ್ಟ ಮಂಜಿನಲ್ಲಿ ಇವನ್ನು ಹಾಕಿದರೆ ಮುಂದೆ ಬೆಳ್ಳಗಿನ ಪರದೆಯೇ ಎದ್ದು ನಿಲ್ಲುತ್ತದೆ, ಆಗ ಆರಿಸಿ ಡಿಮ್‌ನಲ್ಲಿ ನಿಧಾನಕ್ಕೆ ಇಳಿಯುವುದೇ ದಾರಿ. ಮುಚ್ಚಳವನ್ನು ಮಳೆಯ ರಾತ್ರಿಗಳಿಗೆಂದು ಹಾಕಿಯೇ ಇಟ್ಟಿದ್ದೇನೆ.

ದೀಪದೊಳಗೆ ಈವರೆಗೆ ನೀರು ಹೋಗಿಲ್ಲ. ಪೆಟ್ಟಿಗೆಯ ಮೇಲಿನ ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದರ್ಥ. ಗ್ಯಾರೇಜಿನ ಪ್ರೆಶರ್ ವಾಷಿನ ರಭಸಕ್ಕೆ ಅದು ಭರವಸೆಯಲ್ಲ, ಹಾಗಾಗಿ ತೊಳೆಯುವವರಿಗೆ ಪೈಪನ್ನು ದೂರ ಹಿಡಿಯಲು ಹೇಳುತ್ತೇನೆ. ಕಿಟ್ಟಿನ ಬೋಲ್ಟುಗಳು ಕಾರವಾರಕ್ಕೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ತುಕ್ಕು ಹಿಡಿದವು. ಅವುಗಳ ಜಾಗಕ್ಕೆ ಸ್ಟೀಲಿನವು ಬಂದಿವೆ. ಅರ್ಥ್ ಕೊಟ್ಟ ಜಾಗದಲ್ಲಿ ಬಣ್ಣ ಕೆರೆದು ಬಿಗಿದ ಮೇಲೆ ಗ್ರೀಸ್ ಬಳಿದಿದ್ದೆ. ದೀಪಾವಳಿಗೆ ಬಿಚ್ಚಿ ನೋಡಿದಾಗ ಅಲ್ಲಿನ ಲೋಹ ಇನ್ನೂ ಹೊಳೆಯುತ್ತಿತ್ತು.