ಹಳೇ ಗೀರಿಗೆ ಹೊಸ ಬಿಲ್: ಕ್ಯಾಮೆರಾ ಬಾಡಿಗೆಗೆ ತರೋ ವಿದ್ಯಾರ್ಥಿಗಳೇ ಹುಷಾರ್

ಕಾಲೇಜಿನಲ್ಲಿ ಕಿರುಚಿತ್ರ ಮಾಡಲು ಹೊರಟಿರುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಬೇರೆ ಊರಿಂದ ಬೆಂಗಳೂರಿಗೆ ಹೋಗಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ತರುವವರು. ನಮ್ಮ ದುಡ್ಡು ಹೋಯಿತು, ಅಪ್ಪನ ಮುಂದೆ ಮಾನ ಹೋಯಿತು, ಸಿನಿಮಾ ಅರ್ಧಕ್ಕೆ ನಿಂತಿದೆ. ಬಾಡಿಗೆ ಕೊಟ್ಟವರ ಹೆಸರು ಹಾಕುವುದಿಲ್ಲ. ಹಾಕಿದರೆ ಮಾನನಷ್ಟ ಕೇಸ್ ಹಾಕ್ತೀವಿ ಅಂತ ಆಗಲೇ ಮೆಸೇಜ್ ಕಳಿಸಿದ್ದಾರೆ. ಅವರಿಗೆ ಮಾತ್ರ ಮಾನ ಇರೋದು ನೋಡಿ.

ನಾವು ಮೈಸೂರಿನ ಪತ್ರಿಕೋದ್ಯಮ ವಿದ್ಯಾರ್ಥಿಗಳು. ಕೊನೆ ಸೆಮಿಸ್ಟರ್ ಪ್ರಾಜೆಕ್ಟಿಗೆ ಹನ್ನೆರಡು ನಿಮಿಷದ ಚಿತ್ರ. ಶ್ರೀರಂಗಪಟ್ಟಣದ ಹತ್ತಿರ ಗೆಳತಿಯ ಸೋದರಮಾವನ ಮನೆಯೇ ಲೊಕೇಶನ್. ಕೋಟೆ ಒಳಗೂ ಒಂದು ಸೀನ್ ಇತ್ತು. ಅಲ್ಲಿನ ಸ್ಮಾರಕಗಳಲ್ಲಿ ಶೂಟ್ ಮಾಡಲು ಪುರಾತತ್ವ ಇಲಾಖೆ ಅನುಮತಿ ಬೇಕು ಅಂತ ಗೊತ್ತಾದ ಮೇಲೆ ಆ ಸೀನನ್ನೇ ಕಬ್ಬಿನ ಗದ್ದೆಗೆ ಎತ್ತಿ ಹಾಕಿದೆವು. ಅಷ್ಟು ಲೆಕ್ಕಾಚಾರ ಮಾಡಿ ಕೆಲಸ ಮಾಡಿದವರು ನಾವು. ಎಲ್ಲರೂ ಸೇರಿ ಹಾಕಿದ ಬಜೆಟ್ 60,000. ಅದರಲ್ಲಿ 15,000 ರೂಪಾಯಿಯನ್ನು ಡಬ್ಬಿಂಗ್ ಮತ್ತು ಸೌಂಡ್ ಮಿಕ್ಸಿಂಗ್‌ಗೆ ಅಂತ ಮುಟ್ಟದೆ ಇಟ್ಟಿದ್ದೆವು. ನಾನು ಪ್ರೊಡ್ಯೂಸರ್. ಅಂದರೆ ದುಡ್ಡು ವಸೂಲಿ ಮಾಡುವವಳು, ಊಟ ತರಿಸುವವಳು, ಎಲ್ಲರ ಹತ್ತಿರ ಬೈಸಿಕೊಳ್ಳುವವಳು.

ಬಾಡಿಗೆ ಅಂಗಡಿಯ ಕಂಡೀಷನ್ ಹೀಗಿತ್ತು. 25,000 ಡೆಪಾಸಿಟ್, ಇಬ್ಬರ ಒರಿಜಿನಲ್ ಐಡಿ, ಒಂದು ಸಹಿ ಹಾಕಿದ ಖಾಲಿ ಚೆಕ್. ವಿದ್ಯಾರ್ಥಿಗಳು ಅಂದರೆ ಚೆಕ್ ಇಲ್ಲದೆ ಸಾಮಾನು ಕೊಡುವುದಿಲ್ಲ ಅಂದರು. ಅಪ್ಪನ ಚೆಕ್ ಕೊಟ್ಟೆ. ಜೊತೆಗೆ ಅವರ ಕಡೆಯಿಂದ ಒಬ್ಬ ಅಟೆಂಡರ್ ಬರಲೇಬೇಕು, ಅವನ ಬಾಟಾ (ದಿನಭತ್ಯೆ), ಊಟ, ಓಡಾಟ ನಮ್ಮದು. "ಮೇಡಂ, ನಮ್ಮ ಹುಡುಗ ಇದ್ದರೆ ನಿಮಗೂ ಸೇಫ್, ನಮಗೂ ಸೇಫ್" ಅಂದರು ಓನರ್. ಈ ಮಾತು ನೆನಪಿಟ್ಟುಕೊಳ್ಳಿ.

ಶುಕ್ರವಾರ ಸಂಜೆ ಸಾಮಾನು ತೆಗೆದುಕೊಳ್ಳಲು ಹೋದಾಗ ಅಂಗಡಿಯಲ್ಲಿ ಜಾತ್ರೆ. ಕೌಂಟರ್ ಹುಡುಗ ಕ್ಯಾಮೆರಾ ಆನ್ ಮಾಡಿ ತೋರಿಸಿದ, ಬ್ಯಾಟರಿ ಎಣಿಸಿದ, ಕಾರ್ಡ್ ಎಣಿಸಿದ. 24-70 ಝೂಮ್ ಲೆನ್ಸನ್ನು ಕ್ಯಾಪ್ ಹಾಕಿದಂತೆಯೇ ಬ್ಯಾಗಿಗೆ ಇಳಿಸಿದ. ನಮ್ಮ ಕ್ಯಾಮೆರಾ ಹುಡುಗ ಕ್ಯಾಪ್ ತೆಗೆದು ನೋಡಿದ. ಆದರೆ ಮಂಕು ಟ್ಯೂಬ್‌ಲೈಟ್ ಕೆಳಗೆ ಏನು ಕಾಣುತ್ತೆ? "ಬೇಗ ಬೇಗ ಬ್ರೋ, ಹಿಂದೆ ಪಾರ್ಟಿ ಕಾಯ್ತಿದ್ದಾರೆ" ಅಂತ ಸಾಮಾನು ಪಟ್ಟಿಯ ಚಲನ್ ಮುಂದೆ ತಳ್ಳಿದರು. ಕೆಳಗಡೆ ಇರುವೆ ಸೈಜಿನ ಅಕ್ಷರದಲ್ಲಿ 'ಎಲ್ಲಾ ಸಾಮಾನು ಸುಸ್ಥಿತಿಯಲ್ಲಿ ಪಡೆದಿದ್ದೇವೆ' ಅಂತ ಇತ್ತು. ಸಹಿ ಆಯಿತು.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿ ಆಯಿತು. ಅಜ್ಜಿ ಪಾತ್ರ ಮಾಡಿದವರು ಒಂದೇ ಟೇಕ್‌ನಲ್ಲಿ ನಮ್ಮನ್ನೆಲ್ಲ ಅಳಿಸಿಬಿಟ್ಟರು. ಅಟೆಂಡರ್ ಹುಡುಗನೂ ಒಳ್ಳೆಯವನೇ. ಲೆನ್ಸ್ ಹಾಕುವುದು, ತೆಗೆಯುವುದು, ಒರೆಸುವುದು ಎಲ್ಲಾ ಅವನೇ. ನಮ್ಮವರನ್ನು ಮುಟ್ಟೋದಕ್ಕೂ ಬಿಡಲಿಲ್ಲ. "ಅಕ್ಕಾ, ಇದು ನನ್ನ ಜವಾಬ್ದಾರಿ" ಅನ್ನುತ್ತಿದ್ದ. ದಿನಕ್ಕೆ 1,000 ಬಾಟಾ ಕೊಟ್ಟು, ಮಾವನ ಮನೆಯಲ್ಲಿ ನಾಟಿ ಕೋಳಿ ಊಟ ಹಾಕಿಸಿ ಕಳಿಸಿದೆವು.

ಸೋಮವಾರ ಬೆಳಿಗ್ಗೆ ವಾಪಸ್ ಕೊಡಲು ಹೋದೆವು. ಈಗ ಯಾವ ಅವಸರವೂ ಇಲ್ಲ. ಓನರ್ ಖುದ್ದಾಗಿ ಕೂತರು. ಅಂಗಡಿಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು, ನಿಧಾನಕ್ಕೆ ತಿರುಗಿಸಿದರು. ಒಂದು ಕೋನದಲ್ಲಿ ಮಾತ್ರ ಗಾಜಿನ ಅಂಚಿನ ಹತ್ತಿರ ಕೂದಲೆಳೆಯಂಥ ಗೆರೆ ಮಿನುಗಿತು. ಸ್ವಲ್ಪ ಅಲ್ಲಾಡಿಸಿದರೆ ಮಾಯ.

"ಕಾಣ್ತಾ ಮೇಡಂ?"

ಕಾಣಿಸಿತು. ಆದರೆ ನನಗೆ ಕಂಡಿದ್ದು ಗೀರಿಗಿಂತ ಜಾಸ್ತಿ ಇನ್ನೊಂದು. ಆ ಗೆರೆ ಎಲ್ಲಿದೆ ಅಂತ ಆ ಮನುಷ್ಯ ಹುಡುಕಲೇ ಇಲ್ಲ. ಟಾರ್ಚ್ ನೇರವಾಗಿ ಅಲ್ಲಿಗೇ ಹೋಯಿತು. ಅಷ್ಟು ದೊಡ್ಡ ಗಾಜಿನಲ್ಲಿ, ಕ್ಯಾಪ್ ತೆಗೆದ ತಕ್ಷಣ, ಸೀದಾ ಅಲ್ಲಿಗೇ! ಇವತ್ತಿಗೂ ರಾತ್ರಿ ನೆನಪಾದರೆ ಮೈ ಉರಿಯುತ್ತೆ.

ಲೆನ್ಸಿನ ಮುಂಭಾಗದ ಗಾಜು ಬದಲಿಸಲು 40,000 ಅಂದರು. ನಿಮ್ಮ ಅಟೆಂಡರೇ ಹಿಡಿದುಕೊಂಡಿದ್ದರಲ್ಲ ಸರ್ ಅಂದೆ. ಬಂದ ಉತ್ತರ ಇದು: "ಅವನು ನಮ್ಮ ಹುಡುಗ ಅಲ್ಲಮ್ಮಾ, ಫ್ರೀಲಾನ್ಸ್. ಬಾಟಾ ಕೊಟ್ಟಿದ್ದು ಯಾರು? ನೀವು. ಹಾಗಾದ್ರೆ ಅವನು ಯಾರ ಹುಡುಗ?"

ಶುಕ್ರವಾರ 'ನಮ್ಮ ಹುಡುಗ', ಸೋಮವಾರ ನಿಮ್ಮ ಹುಡುಗ. ಆ ಹುಡುಗನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿಲ್ಲ.

ಮೈಸೂರಿಗೆ ಬಂದು ರಷಸ್ (ಎಡಿಟ್ ಮಾಡದ ಶೂಟಿಂಗ್ ಫೂಟೇಜ್) ಎಲ್ಲಾ ಹಾಕಿ ನೋಡಿದೆವು. ಮೊದಲ ದಿನದ ಮೊದಲ ಶಾಟ್, ಗದ್ದೆ ಮೇಲೆ ಸೂರ್ಯ ಏಳುವುದು. ಲೆನ್ಸ್ ಸೂರ್ಯನಿಗೆ ಎದುರು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ಕಿಂಡಿ) ಎಫ್16, ಅಂದರೆ ತುಂಬಾ ಸಣ್ಣದು. ಸಣ್ಣ ಗೀರು ಸಾಮಾನ್ಯ ಶಾಟ್‌ನಲ್ಲಿ ಕಾಣುವುದೇ ಇಲ್ಲ. ಹೀಗೆ ಬೆಳಕಿಗೆ ಎದುರು ಹಿಡಿದು, ಅಪರ್ಚರ್ ಸಣ್ಣದು ಮಾಡಿದಾಗಲೇ ಅದರ ಗುರುತು ಬೀಳುವ ಸಾಧ್ಯತೆ ಜಾಸ್ತಿ. ಫ್ರೇಮಿನ ಎಡಗಡೆ ಮಸುಕಾಗಿ ಒಂದು ಗೆರೆ ಇತ್ತು. ಮೊದಲ ಶಾಟ್‌ನಲ್ಲೇ! ಕುಣಿದಾಡಿಬಿಟ್ಟೆವು. ಫ್ರೇಮ್ ತೆಗೆದು ವಾಟ್ಸಾಪ್‌ಗೆ ಕಳಿಸಿ, ನೋಡಿ ಸರ್, ಇದು ನಮಗೆ ಕೊಡೋ ಮುಂಚೆಯೇ ಇತ್ತು ಅಂತ ಬರೆದೆ.

ಉತ್ತರ: "ಅಂದ್ರೆ ಶೂಟಿಂಗ್ ಶುರು ಮಾಡೋಕೂ ಮುಂಚೆನೇ ಗೀರಿದ್ದೀರಿ. ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್." ಜೊತೆಗೆ ಕೈ ಮುಗಿಯುವ ಇಮೋಜಿ.

ಇಂಥವರ ಹತ್ತಿರ ಏನು ಮಾತಾಡೋದು ಹೇಳಿ. ಸರ್ವಿಸ್ ಸೆಂಟರ್ ಎಸ್ಟಿಮೇಟ್ ಕೊಡಿ ಅಂದರೆ "ಕೊಡ್ತೀವಿ". ಲೆನ್ಸನ್ನು ನಾವೇ ಸರ್ವಿಸ್‌ಗೆ ಕೊಡ್ತೀವಿ ಅಂದರೆ "ನಮ್ಮ ಸಾಮಾನು ನಿಮ್ಮ ಕೈಗೆ ಇನ್ನೊಂದ್ಸಲ ಕೊಡ್ತೀವಾ?" ಆಮೇಲೆ ರಾಗ ಬದಲಾಯಿತು. "ನಿಮ್ಮ ತಂದೆ ಚೆಕ್ ನಮ್ಮ ಹತ್ರ ಇದೆ. ಅಮೌಂಟ್ ಬರೆದು ಬ್ಯಾಂಕಿಗೆ ಹಾಕ್ತೀವಿ. ಬೌನ್ಸ್ ಆದ್ರೆ ಕೋರ್ಟ್." ನನಗೆ ಹೇಳಿದ್ದು ಸಾಲದು ಅಂತ ಅಪ್ಪನಿಗೇ ಫೋನ್ ಮಾಡಿದರು. ಅಪ್ಪ ಮಂಡ್ಯದಲ್ಲಿ ಗೊಬ್ಬರದ ಅಂಗಡಿ ನಡೆಸುವವರು, ಅವರ ವ್ಯಾಪಾರವೆಲ್ಲ ಚೆಕ್ ಮೇಲೆಯೇ. ಗಿರಾಕಿಗಳ ಮುಂದೆ ಆ ಫೋನ್ ಬಂದಿದೆ. ಸಂಜೆ ನನಗೆ ಒಂದೇ ಮಾತು ಕೇಳಿದರು: "ಇದು ಪಾಠದಲ್ಲಿ ಬರುತ್ತಾ ಮಗಳೇ?" ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಡೆಪಾಸಿಟ್ 25,000 ಮುಳುಗಿತು. ಚೆಕ್, ಐಡಿ ವಾಪಸ್ ಪಡೆಯಲು ಮೇಲೆ ಇನ್ನೂ 10,000 ಕೊಟ್ಟೆವು. 'ಡಿಸ್ಕೌಂಟ್' ಅಂತೆ. ಡಬ್ಬಿಂಗ್ ದುಡ್ಡು ಅಲ್ಲಿಗೆ ಹೋಯಿತು. ಈಗ ಅಜ್ಜಿಯ ಆ ಒಳ್ಳೆಯ ಟೇಕ್‌ನಲ್ಲಿ ಮಾತಿಗಿಂತ ಪಂಪ್‌ಸೆಟ್ ಸದ್ದೇ ಜೋರಾಗಿದೆ, ಸರಿ ಮಾಡಿಸಲು ಕಾಸಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಮ್ಮ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆವು. ಹೋದ ತಿಂಗಳು ತುಮಕೂರಿನ ಒಂದು ಕಾಲೇಜಿನವರ ಜೊತೆ ಮಾತಾಡುವಾಗ ಈ ಕಥೆ ಹೇಳಿದೆ. ಅದರಲ್ಲಿ ಒಬ್ಬಳು ಸುಮ್ಮನೆ ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಕಪ್ಪು ಬಟ್ಟೆ, ಲೆನ್ಸ್, ಗೀರಿನ ಮೇಲೆ ಟಾರ್ಚ್ ಬೆಳಕು, ಲೆನ್ಸ್ ಹಿಡಿದ ಹೆಬ್ಬೆರಳಿಗೆ ನೀಲಿ ಬ್ಯಾಂಡೇಜ್. ನಮ್ಮ ಗೀರಿಗೆ ಸಾಕ್ಷಿ ಅಂತ ಓನರ್ ನನ್ನ ವಾಟ್ಸಾಪ್‌ಗೆ ಕಳಿಸಿದ್ದೂ ಅದೇ ಫೋಟೋ! ಇಂಥದ್ದೇ ಇನ್ನೊಂದಲ್ಲ, ಅದೇ. ನಾವು ಹೋದ ಸೋಮವಾರ ಓನರ್ ಹೆಬ್ಬೆರಳಿಗೆ ಯಾವ ಬ್ಯಾಂಡೇಜೂ ಇರಲಿಲ್ಲ. ಆಗ ನಮ್ಮ ತಲೆಗೇ ಹೊಳೆದಿರಲಿಲ್ಲ. ಅವಳಿಗೆ ಆ ಫೋಟೋ ಬಂದಿದ್ದು ನಮಗಿಂತ ಮುಂಚೆ. ಚಲನ್ ತೆಗೆಸಿ ನೋಡಿದರೆ ಲೆನ್ಸಿನ ಸೀರಿಯಲ್ ನಂಬರೂ ಒಂದೇ. ಅವರು 18,000 ಕಟ್ಟಿದ್ದಾರೆ. ಗಾಜು ಬದಲಿಸೋಕೆ ಅಂತ ಅವರ ಹತ್ತಿರ ದುಡ್ಡು ತಗೊಂಡು, ಅದೇ ಗೀರು ಗಾಜನ್ನು ನಮಗೆ ಬಾಡಿಗೆಗೆ ಕೊಟ್ಟು, ನಮ್ಮ ಹತ್ತಿರವೂ ಗಾಜು ಬದಲಿಸೋಕೆ ದುಡ್ಡು ತಗೊಂಡಿದ್ದಾರೆ. ಬಾಡಿಗೆಗಿಂತ ಗೀರಲ್ಲೇ ಲಾಭ ಜಾಸ್ತಿ ಅನ್ನಿಸುತ್ತೆ.

ಕೇಳಿದ್ದಕ್ಕೆ ಅವರ ಉತ್ತರ: "ಅದು ರೆಫರೆನ್ಸ್ ಫೋಟೋ." ಆಮೇಲೆ ಬ್ಲಾಕ್.

ಆದ್ದರಿಂದ ಅಂಗಡಿಯಲ್ಲಿ ಯಾರು ಎಷ್ಟೇ ಅವಸರ ಮಾಡಿದರೂ ಟಾರ್ಚ್ ನೀವು ಮೊದಲು ಹಿಡಿಯಿರಿ. ಲೆನ್ಸಿನ ಹಿಂದೆ ಮುಂದೆ ಓರೆ ಬೆಳಕು ಬಿಟ್ಟು, ಸೀರಿಯಲ್ ನಂಬರ್ ಕಾಣುವ ಹಾಗೆ, ಅವರ ಕೌಂಟರ್ ಮೇಲೆಯೇ ಒಂದೇ ವಿಡಿಯೋ ಮಾಡಿ, ಅಲ್ಲಿಂದಲೇ ಅವರ ವಾಟ್ಸಾಪ್ ನಂಬರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ಮನೆ ಮಾಮೂಲಿ ಫೋಟೋ, ವಿಡಿಯೋ ಥರ ಕಳಿಸಿದರೆ ತೆಗೆದ ದಿನಾಂಕದ ವಿವರ ಉಳಿಯುವುದಿಲ್ಲ. ಚೆಕ್ ಕೊಡಲೇಬೇಕಾದರೆ ಮೊತ್ತ ನೀವೇ ತುಂಬಿ, ಹಿಂದೆ ಸೆಕ್ಯುರಿಟಿ ಡೆಪಾಸಿಟ್ ಅಂತ ಬರೆದು, ಫೋಟೋ ಇಟ್ಟುಕೊಳ್ಳಿ. ಅಟೆಂಡರ್ ಯಾರ ಹುಡುಗ ಅಂತ ಚಲನ್ ಮೇಲೆ ಬರೆಸಿಕೊಳ್ಳಿ. ನಗಬೇಡಿ, ಬರೆಸಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ನಾವು ಫೋನ್ ಮಾಡಿದ್ದೇವೆ. ಇನ್ನೊಂದು ವಿಷಯ ನಮಗೆ ಈಗ ಗೊತ್ತಾಗಿದ್ದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರು ಕೊಡುವವರು ತಾವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ, ವಕೀಲರು ಇಲ್ಲದೆಯೂ ನಡೆಯುತ್ತೆ. "ಮೈಸೂರಿಂದ ಬಂದು ಏನ್ ಮಾಡ್ಕೊಳ್ತೀರಾ" ಅಂತ ಅಂಗಡಿಯವರು ಅಂದಿದ್ದರಲ್ಲ, ಮೈಸೂರಲ್ಲೇ ಕೂತು ಮಾಡ್ತಿದ್ದೀವಿ. ತುಮಕೂರಿನವರೂ ಅವರ ಊರಲ್ಲಿ ಹಾಕ್ತಾರೆ.

ನೀಲಿ ಬ್ಯಾಂಡೇಜ್ ಹೆಬ್ಬೆರಳಿನ ಫೋಟೋ ನಿಮಗೂ ಬಂದಿದ್ದರೆ ದಯವಿಟ್ಟು ಡಿಲೀಟ್ ಮಾಡಬೇಡಿ. ಚಾಟ್ ಸಮೇತ, ಚಲನ್ ಸಮೇತ ನನಗೆ ಕಳಿಸಿ. ದೂರಿನ ಜೊತೆ ಸೇರಿಸ್ತೀವಿ.