ಗ್ರಮ್ಮನ್ ದೋಣಿಯೋ, ಕೋಲ್ಮನ್ ದೋಣಿಯೋ? ನನ್ನ ಓಟು ವಿಮಾನದವರಿಗೆ

ಒಂದು ಯುದ್ಧವಿಮಾನ ಮಾಡಿದವರ ದೋಣಿ, ಇನ್ನೊಂದು ಕ್ಯಾಂಪಿಂಗ್ ಸ್ಟವ್, ಲಾಂದ್ರ ಮಾಡುವವರ ದೋಣಿ. ಎರಡೂ ಹಳೆಯವು, ಎರಡೂ 17 ಅಡಿ ಉದ್ದದ ಕನೂಗಳು (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಗಳು), ಎರಡೂ ಸೆಕೆಂಡ್ ಹ್ಯಾಂಡ್. ಗ್ರಮ್ಮನ್ ನನ್ನದು, ಕೋಲ್ಮನ್ ಗೆಳೆಯನದು. ನಾವಿರುವುದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಹತ್ತಿರ. ಬೇಸಿಗೆಯಲ್ಲಿ ಎರಡನ್ನೂ ಒಟ್ಟಿಗೇ ನೀರಿಗಿಳಿಸುತ್ತೇವೆ, ಅರ್ಧ ದಾರಿಯಲ್ಲಿ ಅದಲು ಬದಲು ಮಾಡಿಕೊಳ್ಳುತ್ತೇವೆ. ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಗ್ರಮ್ಮನ್ ತಗೊಳ್ಳಿ.

ಗ್ರಮ್ಮನ್ ಅಂದ್ರೆ ಎರಡನೇ ಮಹಾಯುದ್ಧದ ಹೆಲ್‌ಕ್ಯಾಟ್ ವಿಮಾನದವರು. ಅಪೊಲೊ ಯಾತ್ರಿಗಳನ್ನು ಚಂದ್ರನ ಮೇಲೆ ಇಳಿಸಿದ ಲೂನಾರ್ ಮಾಡ್ಯೂಲ್ ಮಾಡಿದ್ದೂ ಇವರೇ. 1944ರಲ್ಲಿ ಅಲ್ಲಿನ ವಿಲಿಯಂ ಹಾಫ್‌ಮನ್ ಅನ್ನುವ ಅಧಿಕಾರಿ ಅಡಿರಾಂಡಾಕ್ ಬೆಟ್ಟಗಳ ಕಡೆ ಹೋಗಿ, ಮರ ಮತ್ತು ಕ್ಯಾನ್ವಾಸಿನ ಭಾರದ ದೋಣಿ ಹೊತ್ತು ಹೊತ್ತು ಸಾಕಾಗಿ, ಇದನ್ನು ವಿಮಾನದ ಹಾಗೆ ಅಲ್ಯೂಮಿನಿಯಂನಲ್ಲೇ ಯಾಕೆ ಮಾಡಬಾರದು ಅಂತ ಯೋಚಿಸಿದರು. ಮರುವರ್ಷವೇ ದೋಣಿ ತಯಾರಾಗತೊಡಗಿತು. 1952ರಲ್ಲಿ ಆ ಕೆಲಸ ಲಾಂಗ್ ಐಲೆಂಡಿನಿಂದ ನಮ್ಮ ಕಡೆಯ ಮ್ಯಾರಥಾನ್ ಊರಿಗೆ ಬಂತು. ತಯಾರಿ ವಿಮಾನದ ರೀತಿಯಲ್ಲೇ: ತಗಡನ್ನು ಅಚ್ಚಿನ ಮೇಲೆ ಎಳೆದು ಎರಡು ಹೋಳು ಮಾಡಿ, ನಡುವೆ ಸಾಲಾಗಿ ರಿವೆಟ್ (ತುದಿ ತಟ್ಟಿ ಬಿಗಿಸುವ ಲೋಹದ ಮೊಳೆ) ಹೊಡೆದು ಜೋಡಿಸುವುದು.

ನನಗೆ ತಲೆನೋವು ತಂದಿದ್ದೂ ಆ ರಿವೆಟ್ ಸಾಲೇ. ನಾನು ಕೊಂಡ ದೋಣಿಯ ಹಳೇ ಮಾಲೀಕರು ಎಲ್ಲೋ ನೀರು ಜಿನುಗುತ್ತಿದೆ ಅಂತ ತಳದುದ್ದಕ್ಕೂ ಸಿಲಿಕೋನ್ ಬಳಿದಿದ್ದರು. ಬಾತ್‌ರೂಮಿನಲ್ಲಿ ಟೈಲ್ಸ್ ಸಂದಿಗೆ ಹಾಕುತ್ತಾರಲ್ವಾ, ಅದೇ. ಮೇಲುನೋಟಕ್ಕೆ ಬಿಗಿಯಾಗಿದೆ, ಒಳಗೆ ಕೂತರೆ ಸ್ವಲ್ಪ ಹೊತ್ತಿಗೆ ಕಾಲುಚೀಲ ಒದ್ದೆ. ಅದರ ಮೇಲೆ ಹೊಸ ಸೀಲೆಂಟ್ ಹಾಕೋಣ ಅಂದ್ರೆ, ಸಿಲಿಕೋನ್ ಪಸೆ ಇರುವ ಕಡೆ ಬೇರೆ ಯಾವುದೂ ಅಂಟುವುದಿಲ್ಲ. ಪ್ಲಾಸ್ಟಿಕ್ ಉಳಿಯಲ್ಲಿ ಕೆರೆಯಬೇಕು, ಬೆರಳಲ್ಲಿ ಉಜ್ಜಬೇಕು, ಎಳೆ ಎಳೆಯಾಗಿ ಕೀಳಬೇಕು, ಮತ್ತೆ ನೋಡಿದರೆ ರಿವೆಟ್ ತಲೆಯ ಸುತ್ತ ಉಂಗುರದ ಹಾಗೆ ಇನ್ನೂ ಇರುತ್ತದೆ.

ಅದೆಲ್ಲ ಆದ ಮೇಲೆ ದೋಣಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಸ್ವಲ್ಪ ನೀರು ಹಾಕಿ, ಕೆಳಗೆ ಮಲಗಿ, ಹನಿ ಬೀಳುವ ರಿವೆಟ್ಟಿಗೆಲ್ಲ ಮಾರ್ಕರ್‌ನಲ್ಲಿ ಸುತ್ತು ಹಾಕಿದೆ. ಮೇಲಿನವರೆಗೆ ನೀರು ತುಂಬಬೇಡಿ, ಆ ಭಾರಕ್ಕೆ ದೋಣಿಯೇ ಸೊಟ್ಟಗಾಗಬಹುದು. ಆಮೇಲೆ ಇಬ್ಬರ ಕೆಲಸ. ಒಬ್ಬರು ಹೊರಗಿನಿಂದ ರಿವೆಟ್ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನ ತುದಿಗೆ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು ಕೊಡಬೇಕು. ಕಬ್ಬಿಣ ಹಿಡಿದವಳು ನನ್ನ ಹೆಂಡತಿ. “ಇಷ್ಟು ಒದ್ದಾಡೋ ಬದಲು ಹೊಸದನ್ನೇ ತರಬಹುದಿತ್ತಲ್ರೀ” ಅಂದಳು. ಆದರೆ ಏಟು ಸರಿಯಾಗಿ ಬಿದ್ದಾಗ ಸದ್ದೇ ಬದಲಾಗುತ್ತದೆ, ಹನಿ ನಿಲ್ಲುತ್ತದೆ. ಈಗ ಒಳಗೆ ಒಣಗಿದ ಎಲೆ ಬಿದ್ದರೆ ಒಣಗಿಯೇ ಇರುತ್ತದೆ.

ಕೋಲ್ಮನ್‌ನಲ್ಲಿ ಈ ಕಾಟವಿಲ್ಲ. 1970ರ ದಶಕದಲ್ಲಿ ಬಂದ ಈ ದೋಣಿಗಳು ರಾಮ್-ಎಕ್ಸ್ ಅನ್ನುವ ಪಾಲಿಎಥಿಲೀನ್ ಪ್ಲಾಸ್ಟಿಕ್‌ನವು, ತಳದಲ್ಲಿ ಜೋಡಣೆಯೇ ಇಲ್ಲ. ಆದರೆ ಆ ಪ್ಲಾಸ್ಟಿಕ್ ಬಳುಕುತ್ತದೆ, ಅದಕ್ಕೇ ಒಳಗೆ ಉದ್ದಕ್ಕೂ ಅಲ್ಯೂಮಿನಿಯಂ ಪೈಪಿನ ಆಸರೆ ಕೊಟ್ಟಿದ್ದಾರೆ. ಗೆಳೆಯನಿಗೆ ಮಾರಿದವರು ಅದನ್ನು ಬಿಸಿಲಲ್ಲಿ ಎರಡು ಕಲ್ಲಿನ ಮೇಲೆ ವರ್ಷಗಟ್ಟಲೆ ಇಟ್ಟು ತಳವನ್ನು ಡೊಂಕು ಮಾಡಿದ್ದರು, ಈಗ ನೇರ ಹೋಗು ಅಂದ್ರೆ ಎಡಕ್ಕೆ ಎಳೆಯುತ್ತದೆ. ಸೀಳು ಬಿಟ್ಟರಂತೂ ಕಷ್ಟ. ಪಾಲಿಎಥಿಲೀನ್‌ಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಬಿಸಿ ಮಾಡಿ ಬೆಸೆಯಬೇಕು, ಅದು ನನ್ನ ಕೈಯಲ್ಲಾಗುವ ಕೆಲಸವಲ್ಲ.

ಕಲ್ಲಿನ ವಿಷಯದಲ್ಲಿ ಮಾತ್ರ ಪ್ಲಾಸ್ಟಿಕ್ಕೇ ಗೆಲ್ಲುತ್ತದೆ. ಆಗಸ್ಟ್‌ನಲ್ಲಿ ಟಿಯಾಗ್‌ನಿಯೋಗ ಹೊಳೆಯ ನೀರು ಕಡಿಮೆಯಾದಾಗ ಗೆಳೆಯ ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತಾನೆ, ನನ್ನದು ಕಚ್ಚಿಕೊಂಡು ನಿಲ್ಲುತ್ತದೆ, ಇಳಿದು ತಳ್ಳಬೇಕು. ಸದ್ದೂ ನಂದೇ ಜಾಸ್ತಿ. ಹುಟ್ಟು ಅಂಚಿಗೆ ತಾಗಿ ಠಣ್ ಅಂದ್ರೆ ದಡದ ಬಕ ಹಾರಿಹೋಗುತ್ತದೆ, ಅವನು ಬೈಯುತ್ತಾನೆ. ಮಧ್ಯಾಹ್ನದ ಬಿಸಿಲಲ್ಲಿ ಸೀಟು ಸುಡುತ್ತದೆ, ಟವೆಲ್ ಹಾಸಿಕೊಳ್ಳಿ.

ಕಾರಿನ ಮೇಲೆ ಎತ್ತುವಾಗ ಎರಡೂ ಭಾರವೇ.

ದುಡ್ಡಿನ ಲೆಕ್ಕ: ಅವನು ಕೊಟ್ಟಿದ್ದು 150 ಡಾಲರ್, ನಾನು 400. ನಮ್ಮ ಮನೆಗೆ ಗ್ಯಾರೇಜ್ ಇಲ್ಲ, ದೋಣಿ ಹಿತ್ತಲಲ್ಲಿ ಹಿಮದಡಿ ಬೋರಲು ಬಿದ್ದಿರುತ್ತದೆ. ಅಲ್ಯೂಮಿನಿಯಂಗೆ ಬಿಸಿಲಿನ ಚಿಂತೆಯೂ ಇಲ್ಲ, ಹಿಮದ ಚಿಂತೆಯೂ ಇಲ್ಲ. ನಾನು ಹೋಗುವುದೂ ಜಾಸ್ತಿ ಕೆರೆಗಳಿಗೇ. ನಿಮ್ಮದು ಬರೀ ಕಲ್ಲು ಹೊಳೆ, ಬಜೆಟ್ ಕಡಿಮೆ, ನೆರಳಲ್ಲಿ ಇಡಲು ಜಾಗವಿದೆ ಅಂದ್ರೆ ಕೋಲ್ಮನ್ ತಗೊಳ್ಳಿ, ಆದರೆ ಬೋರಲು ಹಾಕಿ ತಳ ನೇರವಾಗಿದೆಯಾ ಅಂತ ಒಂದು ತುದಿಯಿಂದ ಕಣ್ಣಿಟ್ಟು ನೋಡಿ. ಗ್ರಮ್ಮನ್ ನೋಡಲು ಹೋಗುವವರು ಒಂದು ಬಕೆಟ್ ಜೊತೆಗೆ ತಗೊಂಡು ಹೋಗಿ. ನೀರು ಹಾಕಿ ನೋಡಲು ಮಾರುವವರು ಬಿಡಲಿಲ್ಲವೋ, ತಳದಲ್ಲಿ ಸಿಲಿಕೋನ್ ಕಂಡಿತೋ, 100 ಡಾಲರ್ ಕಡಿಮೆ ಕೇಳಿ.