ಆಟಿಕೆ ಮಾರುವವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್: ದೂರು ಬಂದಾಗ ಎಷ್ಟು ಕೆಲಸಕ್ಕೆ ಬರುತ್ತದೆ?

ವಾಟ್ಸ್‌ಆ್ಯಪ್ ಬಿಸಿನೆಸ್ ಅನ್ನುವ ವ್ಯಾಪಾರಿಗಳ ಆ್ಯಪ್ ಬಗ್ಗೆ ಬರೆಯುವವರೆಲ್ಲ ಆರ್ಡರ್ ಹೇಗೆ ಬರುತ್ತದೆ, ಕ್ಯಾಟಲಾಗ್ (ಆ್ಯಪಿನಲ್ಲೇ ಇಡುವ ಸರಕಿನ ಪಟ್ಟಿ) ಎಷ್ಟು ಚೆನ್ನಾಗಿ ಕಾಣುತ್ತದೆ ಅಂತಲೇ ಬರೆಯುತ್ತಾರೆ. ಆರ್ಡರ್ ಬರುವಾಗ ಯಾವ ಆ್ಯಪ್ ಆದರೂ ಚೆನ್ನಾಗೇ ಇರುತ್ತದೆ ಬಿಡಿ. ಕೊಂಡವರು ಸಿಟ್ಟಾಗಿ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದಾಗ ಇದರಿಂದ ಏನು ಉಪಯೋಗ? ನಾನು ನೋಡಿರುವುದು ಅಷ್ಟನ್ನೇ. ಹಾಗಾಗಿ ಈ ವಿಮರ್ಶೆ ಪೂರ್ತಿ ದೂರಿನ ಬಗ್ಗೆ.

ನಾನು ತುಮಕೂರಿನ ಕ್ಯಾತ್ಸಂದ್ರದಲ್ಲಿ ಮನೆಯಿಂದಲೇ ಆಟಿಕೆ ಮಾರುತ್ತೇನೆ. ಚನ್ನಪಟ್ಟಣದ ಮರದ ಆಟಿಕೆ, ಅಳಗುಳಿಮಣೆ, ಚೌಕಾಬಾರದ ಬಟ್ಟೆ, ಕವಡೆ, ಬುಗುರಿ. ಪ್ಯಾಕಿಂಗ್‌ಗೆ ಓರಗಿತ್ತಿ ಜೊತೆಗಿದ್ದಾಳೆ. ಮೊದಲು ಒಂದು ದೊಡ್ಡ ಆನ್‌ಲೈನ್ ಜಾಲದಲ್ಲಿ ಮಾರುತ್ತಿದ್ದೆವು. ಹೆಸರು ಬೇಡ. ಅಲ್ಲಿ ದೂರು ಬಂದರೆ ನಮ್ಮನ್ನು ಕೇಳುವವರೇ ಇರಲಿಲ್ಲ. ವಾಪಸಾತಿಗೆ ಒಪ್ಪಿಗೆ ಕೊಟ್ಟಾದ ಮೇಲೆ ನಮಗೆ ಸುದ್ದಿ ಬರುತ್ತಿತ್ತು. ಒಮ್ಮೆ ಮರದ ರೈಲು ಕಳಿಸಿದ್ದಕ್ಕೆ ಚಕ್ರ ಮುರಿದ ಪ್ಲಾಸ್ಟಿಕ್ ಕಾರು ವಾಪಸ್ ಬಂತು. ಫೋಟೋ ಹಾಕಿ ಕ್ಲೇಮ್ ಮಾಡಿದರೆ ಒಂದೇ ಸಾಲಿನ ಉತ್ತರ, ಆಗುವುದಿಲ್ಲ ಅಂತ. ಆ ಕಾರಲ್ಲಿ ಓರಗಿತ್ತಿ ಮಗ ಆಡಿಕೊಂಡಿದ್ದಾನೆ. ಅದಕ್ಕೇ ನಾವು ಈ ಆ್ಯಪಿನಲ್ಲಿ ನೇರ ಮಾರಾಟಕ್ಕೆ ಬಂದೆವು.

ಆ್ಯಪ್ ಉಚಿತ. ಕನ್ನಡದಲ್ಲೂ ಬಳಸಬಹುದು. ಒಂದೇ ನಂಬರನ್ನು ಫೋನಿನ ಜೊತೆಗೆ ಇನ್ನೂ ನಾಲ್ಕು ಸಾಧನಗಳಲ್ಲಿ ನೋಡಬಹುದು. ಓರಗಿತ್ತಿ ಲ್ಯಾಪ್‌ಟಾಪಿನಲ್ಲಿ, ನಾನು ಫೋನಿನಲ್ಲಿ. ಇದು ಅನುಕೂಲವೇ, ಆದರೆ ಇಬ್ಬರೂ ಒಬ್ಬರಿಗೇ ಬೇರೆ ಬೇರೆ ಉತ್ತರ ಕೊಡುವ ಅಪಾಯವೂ ಇದೆ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ನಿಯಮ. ದೂರು ಅಂತ ಕಂಡರೆ ಅವಳು ಲೇಬಲ್ ಹಾಕಿ ಬಿಡುತ್ತಾಳೆ, ಉತ್ತರ ನಾನೇ ಬರೆಯುತ್ತೇನೆ.

ಈ ಲೇಬಲ್ ಅನ್ನುವುದು ಆ್ಯಪಿನ ಅತ್ಯಂತ ಉಪಯುಕ್ತ ಭಾಗ. ಪ್ರತಿ ಚಾಟ್‌ಗೆ ಬಣ್ಣದ ಚೀಟಿ ಅಂಟಿಸಬಹುದು, 20ರವರೆಗೆ. ಕೊಂಡವರಿಗೆ ಅದು ಕಾಣುವುದಿಲ್ಲ. ಆ್ಯಪೇ ಕೊಡುವ ‘ಹೊಸ ಗ್ರಾಹಕ’, ‘ಹಣ ಬಾಕಿ’ ಇವು ದೂರಿಗೆ ಸಾಲದು. ನಾನು ಮಾಡಿಕೊಂಡಿರುವುದು ಬೇರೆ: ‘ಮಗುವಿಗೆ ತೊಂದರೆ’, ‘ಒಡೆದಿದೆ’, ‘ಕಮ್ಮಿ ಬಂದಿದೆ’, ‘ತಡ’, ‘ಅನುಮಾನ’. ಮೊದಲನೆಯದು ಕೆಂಪು. ಆ ಬಣ್ಣ ಕಂಡರೆ ಚಾಟ್ ಇಲ್ಲ, ನೇರ ಫೋನ್. ಮಗು ಏನಾದರೂ ನುಂಗಿದೆ ಅಂದರೆ ಫೋಟೋ ಕೇಳುತ್ತಾ ಕೂರುವ ಹೊತ್ತಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಅನ್ನಬೇಕು.

ಇನ್ನು ಕ್ವಿಕ್ ರಿಪ್ಲೈ. ಮೊದಲೇ ಬರೆದಿಟ್ಟ ಉತ್ತರಗಳು, 50ರವರೆಗೆ ಇಡಬಹುದು. ಓರೆಗೆರೆ ಒತ್ತಿ ಎರಡು ಅಕ್ಷರ ಹೊಡೆದರೆ ಪೂರ್ತಿ ಪ್ಯಾರಾ ಬರುತ್ತದೆ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು. ಕೇಳುವ ಪ್ರಶ್ನೆಗಳಿಗೆ ಇದು ಬೇಕೇ ಬೇಕು. ಕ್ಷಮೆ ಕೇಳಲು ಇದನ್ನು ಯಾವತ್ತೂ ಬಳಸಬಾರದು. “ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ” ಅನ್ನುವ ರೆಡಿ ಸಾಲು ಬ್ಯಾಂಕಿನಿಂದ, ಬಸ್ಸಿನವರಿಂದ, ಕರೆಂಟಿನವರಿಂದ ಎಲ್ಲರಿಂದಲೂ ಕೇಳಿ ಜನರಿಗೆ ಸಾಕಾಗಿದೆ. ಅದನ್ನು ಓದಿದರೆ ಇರುವ ಸಿಟ್ಟು ಇಮ್ಮಡಿ ಆಗುತ್ತದೆ. ನನ್ನ ರೆಡಿ ಸಾಲುಗಳಲ್ಲಿ ಬರೀ ಪ್ರಶ್ನೆ ಇವೆ. ಉದಾಹರಣೆಗೆ ಒಂದು:

“ನಮಸ್ತೆ. ನಿಮ್ಮ ಮೆಸೇಜ್ ಓದಿದೆ. ಮಗುವಿಗೆ ಏನೂ ಆಗಿಲ್ಲ ತಾನೆ? ವಯಸ್ಸೆಷ್ಟು? ಮೂರು ಫೋಟೋ ಕಳಿಸಿಕೊಡಿ. ಆಟಿಕೆಯದ್ದು ಒಂದು, ಡಬ್ಬದ್ದು ಒಂದು, ಡಬ್ಬದ ಮೇಲಿನ ವಿಳಾಸದ ಚೀಟಿಯದ್ದು ಒಂದು. ನಾಳೆ ಸಂಜೆ ಒಳಗೆ ಉತ್ತರ ಹೇಳುತ್ತೇನೆ.”

ಇದನ್ನು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇಟ್ಟಿದ್ದೇನೆ. ಇದರಲ್ಲಿ ಕೊನೆಯ ಸಾಲೇ ಮುಖ್ಯ. ಯಾವಾಗ ಉತ್ತರ ಬರುತ್ತದೆ ಅಂತ ಗೊತ್ತಾದರೆ ಅರ್ಧ ಜನ ತಣ್ಣಗಾಗುತ್ತಾರೆ. 2020ರ ಇ-ಕಾಮರ್ಸ್ ನಿಯಮದಲ್ಲಿ ಜಾಲಗಳ ಮೂಲಕ ಮಾರುವವರಿಗೆ ಒಂದು ಲೆಕ್ಕ ಹಾಕಿಕೊಟ್ಟಿದ್ದಾರೆ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಮ್ಮಂಥ ಸಣ್ಣವರು ವಾಟ್ಸ್‌ಆ್ಯಪಿನಲ್ಲಿ ಮಾರುವಾಗಲೂ ಅದೇ ಅಳತೆ ಇಟ್ಟುಕೊಂಡರೆ ನಷ್ಟವಿಲ್ಲ. ಒಂದು ತಿಂಗಳು ಆಟಿಕೆಗೆ ತೀರಾ ಜಾಸ್ತಿ ಆಯಿತು, ಅಷ್ಟರಲ್ಲಿ ಮಗು ಬೇರೆ ಆಟಕ್ಕೆ ಹೋಗಿರುತ್ತದೆ.

ಪ್ರಶ್ನೆ ಕೇಳುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ದೂರು ಹೇಳಲೇಬೇಕು. ನಮ್ಮಿಂದ ಗಿಲಕಿ ಕೊಂಡ ತಿಪಟೂರಿನ ಒಬ್ಬ ತಾಯಿ ಬರೆದಿದ್ದರು. “ನ್ಯಾಚುರಲ್ ಬಣ್ಣ ಅಂತ ಸುಳ್ಳು ಹೇಳಿ ಮಾರ್ತೀರಾ? ಒರೆಸಿದ ಬಟ್ಟೆಗೆಲ್ಲ ಕೆಂಪು ಹತ್ತಿದೆ. ಇದನ್ನ ನನ್ನ ಮಗಳು ಬಾಯಿಗೆ ಹಾಕ್ಕೊಂಡಿದ್ದಾಳೆ.” ಜೊತೆಗೆ ಬಟ್ಟೆಯ ಫೋಟೋ, ನಿಜವಾಗಿಯೂ ಕೆಂಪು. ಸಿಟ್ಟು ಬಂದದ್ದು ಸಹಜ. ಇಂಥ ಕಡೆ “ನಮ್ಮ ಬಣ್ಣ ಹೋಗಲ್ಲ ಮೇಡಂ” ಅಂತ ವಾದಕ್ಕೆ ಇಳಿದರೆ ಕೆಟ್ಟಿತು. ಏನು ಹಾಕಿ ಒರೆಸಿದಿರಿ ಅಂತ ಮಾತ್ರ ಕೇಳಿದೆ. ಸ್ಯಾನಿಟೈಸರ್ ಅಂದರು.

ಚನ್ನಪಟ್ಟಣದ ಆಟಿಕೆಗೆ ಹಾಕುವುದು ಪೇಂಟ್ ಅಲ್ಲ, ಅರಗು. ಆಲೆ ಮರದ ತುಂಡು ಲೇತಿನ ಮೇಲೆ ತಿರುಗುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಲ್ಲಿ ಒತ್ತಿ ಹೊಳಪು ಕೊಡುತ್ತಾರೆ. ಈ ಅರಗು ನೀರಿಗೆ ಜಗ್ಗುವುದಿಲ್ಲ, ಆದರೆ ಸ್ಪಿರಿಟಿಗೆ ಕರಗುತ್ತದೆ. ಸ್ಯಾನಿಟೈಸರ್ ತುಂಬಾ ಇರುವುದು ಆಲ್ಕೋಹಾಲ್ ತಾನೇ. ಹಾಗಾಗಿ ಅಲ್ಲಿ ಆ ತಾಯಿಯೂ ಸುಳ್ಳು ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಕ್ಯಾಟಲಾಗಿನಲ್ಲಿ “ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಯಾನಿಟೈಸರ್ ಬೇಡ” ಅಂತ ಇತ್ತು. ಅದನ್ನು ತೋರಿಸಿ ಗೆಲ್ಲಬಹುದಿತ್ತು. ಗೆದ್ದು ಏನು ಮಾಡಲಿ? ಅರಗಿನ ಕಥೆ ನನ್ನ ಸ್ವಂತ ಮಾತಲ್ಲಿ ಬರೆದೆ, ಲೇತಿನ ವಿಡಿಯೋ ಒಂದು ಕಳಿಸಿದೆ, ಅರ್ಧ ಬೆಲೆಗೆ ಇನ್ನೊಂದು ಗಿಲಕಿ ಕೊಡುತ್ತೇನೆ ಅಂದೆ. ತಗೊಂಡರು. ಆಮೇಲೆ ಅವರ ಅಕ್ಕನಿಗೂ ಒಂದು ಹೋಯಿತು. ಎಲ್ಲ ದೂರೂ ಹೀಗೆ ಸಿಹಿಯಾಗಿ ಮುಗಿಯುತ್ತದೆ ಅಂದುಕೊಳ್ಳಬೇಡಿ.

ಕೆಲವು ಮುಗಿಯುವುದೇ ಇಲ್ಲ. ಹುಟ್ಟಿದ ಹಬ್ಬಕ್ಕೆ ತಲುಪಲಿಲ್ಲ ಅನ್ನುವುದು ಆ ಜಾತಿ. ಹಣ ವಾಪಸ್ ಕೊಟ್ಟರೂ ಹಬ್ಬ ವಾಪಸ್ ಬರುವುದಿಲ್ಲವಲ್ಲ. ಹೇಳಿದ ದಿನಕ್ಕೆ ತಲುಪದಿದ್ದರೆ ವಸ್ತು ವಾಪಸ್ ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ ಅಂತ ಅದೇ 2020ರ ನಿಯಮ ಹೇಳುತ್ತದೆ. ಮಳೆ, ಪ್ರವಾಹದಂಥ ಕೈಮೀರಿದ ಕಾರಣಕ್ಕೆ ಮಾತ್ರ ವಿನಾಯಿತಿ. ಅದಕ್ಕೆ ನಾನು ತಾರೀಕಿನ ಭರವಸೆ ಕೊಡುವುದನ್ನೇ ಬಿಟ್ಟಿದ್ದೇನೆ. “ಹಬ್ಬ ಯಾವತ್ತು?” ಅಂತ ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳುತ್ತೇನೆ. ದಿನ ಹತ್ತಿರ ಇದ್ದರೆ “ಬೇಡ, ನಿಮ್ಮೂರಲ್ಲೇ ಏನಾದರೂ ತಗೊಳ್ಳಿ” ಅಂತ ಹೇಳಿಬಿಡುತ್ತೇನೆ. ಒಂದು ಮಾರಾಟ ಹೋದರೂ ಚಿಂತೆಯಿಲ್ಲ.

ಅಳಗುಳಿಮಣೆಗೆ ಬರುವ ದೂರುಗಳು ಸ್ವಲ್ಪ ತಮಾಷೆ. ಗುಳಿ 14, ಗುಳಿಗೆ ಐದರಂತೆ 70 ಬೀಜ ಬೇಕು. ನಾವು 80 ಹುಣಸೆ ಬೀಜ ಹಾಕುತ್ತೇವೆ. ಆದರೂ “ಕಮ್ಮಿ ಇದೆ” ಅಂತ ಬರುತ್ತದೆ. ಹುಣಸೆ ಬೀಜಕ್ಕೆ ಜಗಳ ಆಡುವುದು ನಮ್ಮ ತುಮಕೂರಿನವರಿಗೆ ಮರ್ಯಾದೆಯಾ? ಎರಡು ಹಿಡಿ ಕವರಿಗೆ ಹಾಕಿ ಕಳಿಸುತ್ತೇನೆ. ಇನ್ನೊಬ್ಬ ಹಿರಿಯರು ಬರೆದದ್ದು ಬೇರೆ ಥರ. “ನಮ್ಮ ಅಜ್ಜಿ ಗುಲಗಂಜಿ ಹಾಕಿ ಆಡುತ್ತಿದ್ದರು. ನೀವು ಹುಣಸೆ ಬೀಜ ಕೊಟ್ಟು ಇಷ್ಟು ದುಡ್ಡು ಇಸ್ಕೊಂಡಿದ್ದೀರಿ.” ಗುಲಗಂಜಿ ನೋಡಲು ಚೆಂದ, ಅಗಿದರೆ ವಿಷ. ಮಕ್ಕಳ ಮನೆಗೆ ಅದನ್ನು ಕಳಿಸಲಾರೆ ಅಂತ ಬರೆದೆ. ಹುಣಸೆ ಬೀಜವೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಆಟಿಕೆಯ ಸಣ್ಣ ಭಾಗ ಅಳೆಯಲು 31.7 ಮಿ.ಮೀ. ಅಗಲದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿದರೆ ಉಸಿರುಗಟ್ಟುವ ಅಪಾಯ ಇದೆ ಅಂತ ಲೆಕ್ಕ. ಬೀಜ, ಕವಡೆ ಎಲ್ಲ ಸಲೀಸಾಗಿ ಇಳಿಯುತ್ತವೆ. ವಯಸ್ಸು ಕೇಳುವುದು ಅದಕ್ಕೇ.

“ಐಎಸ್‌ಐ ಮಾರ್ಕ್ ಎಲ್ಲಿ?” ಅನ್ನುವ ದೂರು ಈಗ ಜಾಸ್ತಿ. ಕೇಳುವುದು ಸರಿಯೇ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಕೊಟ್ಟಿದ್ದಾರೆ. ಭೌಗೋಳಿಕ ಸೂಚಕದಡಿ (ಜಿಐ ಟ್ಯಾಗ್, ಒಂದು ಊರಿನ ವಿಶೇಷ ವಸ್ತುವಿಗೆ ಕೊಡುವ ಗುರುತು) ನೋಂದಾಯಿತರಾದವರ ಆಟಿಕೆಗೂ ಇದೆ. ಇದನ್ನು ರೆಡಿ ಸಾಲಾಗಿ ಇಡಬಹುದು, ಯಾಕೆಂದರೆ ಇದು ಮಾಹಿತಿ.

ಗಾತ್ರದ ದೂರಿಗೆ ಒಂದೇ ಮದ್ದು, ಫೋಟೋ. ಕ್ಯಾಟಲಾಗಿನಲ್ಲಿ ಸೆಂಟಿಮೀಟರ್ ಬರೆದರೆ ಯಾರೂ ಓದುವುದಿಲ್ಲ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ನನ್ನ ಯಜಮಾನರು ಕ್ಯಾತ್ಸಂದ್ರದವರು ತಟ್ಟೆ ಇಡ್ಲಿಯನ್ನೇ ಅಳತೆಗೆ ಇಡಬೇಕು ಅಂತಾರೆ. ಒಂದು ಸಲ ಇಟ್ಟೂ ನೋಡಿದೆವು. ಇಡ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳಿದವರೇ ಜಾಸ್ತಿ.

ಈಗ ‘ಅನುಮಾನ’ ಲೇಬಲ್. ಆಟಿಕೆ ಮುರಿದಿದೆ ಅಂತಾರೆ, ವಿಳಾಸದ ಚೀಟಿಯ ಫೋಟೋ ಕೇಳಿದರೆ ಡಬ್ಬ ಎಸೆದೆ ಅಂತಾರೆ. ಡಬ್ಬ ಎಸೆಯುವವರು ಇರುತ್ತಾರೆ, ಅಷ್ಟಕ್ಕೇ ಕಳ್ಳರು ಅನ್ನಬಾರದು. ಖಾಲಿ ಡಬ್ಬ ಬಂತು ಅಂದರೆ ಸ್ಪೀಡ್ ಪೋಸ್ಟ್ ರಸೀದಿ ತೆಗೆಯಿರಿ. ಅದರ ಮೇಲೆ ತೂಕ ಗ್ರಾಂನಲ್ಲಿ ಇರುತ್ತದೆ. ಕಳಿಸಿದಾಗ ಎಷ್ಟಿತ್ತು ಅನ್ನುವುದಕ್ಕೆ ಪೋಸ್ಟಿನವರೇ ಸಾಕ್ಷಿ. ಪ್ಯಾಕ್ ಮಾಡುವಾಗ ವಿಳಾಸ ಕಾಣುವ ಹಾಗೆ ಒಂದು ಸಣ್ಣ ವಿಡಿಯೋ ಇದ್ದರೆ ಇನ್ನೂ ಗಟ್ಟಿ. ಇದನ್ನು ಬೆದರಿಕೆ ಥರ ಕಳಿಸಬಾರದು. “ನಮ್ಮ ಕಡೆ ಹೀಗಿದೆ, ನೀವೂ ಒಮ್ಮೆ ನೋಡಿ” ಅಂದರೆ ಸಾಕು.

ಹಣ ವಾಪಸ್ ಕೊಡುವಾಗ ಹುಷಾರು. ಅವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮುಂಚೆ ಹೆಸರು, ಮೊತ್ತ ಎರಡನ್ನೂ ನೋಡಿ. ನನ್ನ ಅಭ್ಯಾಸ ಅಂದರೆ ಮೊದಲು ಒಂದು ರೂಪಾಯಿ ಹಾಕಿ ಹೆಸರು ಖಚಿತ ಮಾಡಿಕೊಳ್ಳುವುದು. ಹಣ ಬರಬೇಕಾದರೆ ಯುಪಿಐ ಪಿನ್ ಬೇಡ, ಪಿನ್ ಕೇಳಿದರೆ ಹೋಗುವುದು ನಮ್ಮ ಹಣವೇ.

ಆ್ಯಪಿನ ತೊಡಕುಗಳಿಗೆ ಬರುತ್ತೇನೆ. ಗ್ರೀಟಿಂಗ್ ಮೆಸೇಜ್ ಅಂತ ಒಂದಿದೆ. ಹೊಸಬರು ಮೆಸೇಜ್ ಮಾಡಿದರೆ ಅಥವಾ 14 ದಿನ ಮಾತಿಲ್ಲದೆ ಇದ್ದವರು ಮತ್ತೆ ಬರೆದರೆ ಅದು ತಾನಾಗಿಯೇ ಹೋಗುತ್ತದೆ. ಆಟಿಕೆಯನ್ನು ಉಡುಗೊರೆಗೆ ಅಂತ ಮುಂಚೆಯೇ ತರಿಸಿ ಇಟ್ಟಿರುತ್ತಾರೆ. ಹಬ್ಬದ ದಿನ ಬಿಚ್ಚಿದರೆ ಮುರಿದಿರುತ್ತದೆ. ಅಷ್ಟರಲ್ಲಿ 14 ದಿನ ಕಳೆದಿರುತ್ತದೆ. “ಚಕ್ರ ಮುರಿದಿದೆ, ಮಗು ಅಳ್ತಿದೆ” ಅಂದವರಿಗೆ “ಸ್ವಾಗತ! ನಮ್ಮ ಹೊಸ ಆಟಿಕೆ ನೋಡಿದಿರಾ?” ಅಂತ ಹೂವಿನ ಚಿತ್ರದ ಜೊತೆ ಹೋದರೆ ಹೇಗಿರುತ್ತದೆ ಯೋಚಿಸಿ. ಒಂದೋ ಅದನ್ನು ಆಫ್ ಮಾಡಿ, ಇಲ್ಲ ಯಾರಿಗೆ ಹೋದರೂ ಸಲ್ಲುವಂಥ ಒಂದು ಸಪ್ಪೆ ಸಾಲು ಇಡಿ. “ನಮಸ್ತೆ, ಮೆಸೇಜ್ ತಲುಪಿದೆ” ಅಷ್ಟೇ.

ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನದ ಮೇಲೂ ಸ್ವಲ್ಪ ಹೊತ್ತಿನವರೆಗೆ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಮೆಸೇಜ್ ತಾನಾಗಿ ಮಾಯವಾಗುವ ಸೆಟ್ಟಿಂಗನ್ನು ಕೊಂಡವರೂ ಆನ್ ಮಾಡಬಹುದು. ಹಾಗಾಗಿ ದೂರು ಬಂದ ಕೂಡಲೇ ಸ್ಕ್ರೀನ್‌ಶಾಟ್. ವಾಯ್ಸ್ ಮೆಸೇಜ್ ಬಂದರೆ ಕೇಳಿ, ಅದರ ಸಾರವನ್ನು ನಾನೇ ಬರೆದು “ಹೀಗೆ ಹೇಳಿದಿರಿ, ಸರಿನಾ?” ಅಂತ ವಾಪಸ್ ಕೇಳುತ್ತೇನೆ. ಮಾತಲ್ಲಿ ಬೈದವರೂ ಅದನ್ನು ಅಕ್ಷರದಲ್ಲಿ ಓದುವಾಗ ಸ್ವಲ್ಪ ಮೆತ್ತಗಾಗುತ್ತಾರೆ, ಅಲ್ವಾ.

ಇನ್ನೊಂದು ಕೊರತೆ, ಇಲ್ಲಿ ನಡುವೆ ನಿಂತು ತೀರ್ಮಾನ ಹೇಳುವವರು ಯಾರೂ ಇಲ್ಲ. ನನಗೆ ಅದು ಇಷ್ಟವೇ. ಆದರೆ ಕೊಂಡವರಿಗೂ ಒಂದು ದಾರಿ ಬೇಕು. ನಮ್ಮಿಂದ ಸಮಾಧಾನ ಆಗಲಿಲ್ಲ ಅಂದವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ನಂಬರನ್ನು ನಾನೇ ಕೊಡುತ್ತೇನೆ. “ನಿಮ್ಮ ಮೇಲೆ ನೀವೇ ಕಂಪ್ಲೇಂಟ್ ಹೇಳಿಕೊಡ್ತೀರಾ ಅಕ್ಕ?” ಅಂತ ಶಿರಾದ ಹುಡುಗನೊಬ್ಬ ನಕ್ಕಿದ್ದ. ಆ ನಂಬರ್ ಕೊಟ್ಟ ಮೇಲೆ ಸುಮ್ನೆ ಹೆದರಿಸುವವರ ಸದ್ದು ಅಡಗುತ್ತದೆ, ನಿಜವಾಗಿ ನೊಂದವರ ಮಾತಿನ ಧಾಟಿಯೂ ಬದಲಾಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ದಿನಕ್ಕೆ ನೂರಾರು ಆರ್ಡರ್ ಇರುವವರಿಗೆ ಇದು ಸಾಲದು, ನಮ್ಮಂಥ ಮನೆ ವ್ಯಾಪಾರಕ್ಕೆ ಸಾಕು. ಶುರು ಮಾಡುವವರು ಮನೆಯ ನಂಬರ್ ಬಿಟ್ಟು ಬೇರೆ ಸಿಮ್ ತಗೊಳ್ಳಿ. ಇಲ್ಲದಿದ್ದರೆ ಅತ್ತೆಯ ಶುಭೋದಯದ ಪಕ್ಕದಲ್ಲೇ ಮುರಿದ ಬುಗುರಿಯ ಫೋಟೋ ಕೂತಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಚಾಟ್ ಬ್ಯಾಕಪ್ ಈಗ ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗದಲ್ಲೇ ಸೇರುತ್ತದೆ. ಪ್ಯಾಕಿಂಗ್ ವಿಡಿಯೋಗಳನ್ನೂ ಸೇರಿಸಿದರೆ ಬೇಗ ತುಂಬುತ್ತದೆ. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೋ ಬಿಟ್ಟುಬಿಡಿ, ಅವನ್ನು ತಾರೀಕಿನ ಪ್ರಕಾರ ಪೆನ್‌ಡ್ರೈವಿಗೆ ಹಾಕಿಡಿ. ಈ ಕೆಲಸ ಶ್ರಾವಣದಲ್ಲೇ ಮುಗಿಸಿಕೊಳ್ಳಿ. ದಸರಾ ಗೊಂಬೆ ಕೂರಿಸುವವರ ಆರ್ಡರ್ ಶುರುವಾದರೆ ಆಮೇಲೆ ಪುರುಸೊತ್ತು ಸಿಗುವುದಿಲ್ಲ.